ಜವಾಬು ಇಲ್ಲದ ಸವಾಲು

ಶಾಲೆಯ ಚರ್ಚಾ ಸ್ಪರ್ಧೆಗೆ ನಮ್ಮಲ್ಲಿ ಅದರ ಯೋಗ್ಯತೆಗೆ ಮೀರಿದ ಹೆಸರಿದೆ. ಅದು ವಿಚಾರಶಕ್ತಿ ಬೆಳೆಸುತ್ತದೆ, ಸಭಾಕಂಪನ ಬಿಡಿಸುತ್ತದೆ, ಮಕ್ಕಳನ್ನು ಪ್ರಜಾಪ್ರಭುತ್ವಕ್ಕೆ ಅಣಿಗೊಳಿಸುತ್ತದೆ ಎಂದು ಬಹುಮಾನ ಹಂಚುವ ವೇದಿಕೆಗಳಲ್ಲೆಲ್ಲ ಹೇಳುತ್ತಾರೆ. ಈ ಮೂರರಲ್ಲಿ ನಡುವಿನದೊಂದು ನಿಜ. ಉಳಿದೆರಡನ್ನು ಯಾರೂ ಪರೀಕ್ಷಿಸುವ ಗೋಜಿಗೆ ಹೋಗಿಲ್ಲ. ಶಿಕ್ಷಣ ಇಲಾಖೆ ನಡೆಸುವ ಪ್ರತಿಭಾ ಕಾರಂಜಿಯ ಪಟ್ಟಿಯಲ್ಲಿ ಚರ್ಚಾ ಸ್ಪರ್ಧೆ ಪ್ರೌಢಶಾಲೆಯವರ ಪಾಲಿನದು. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಕಂಠಪಾಠ, ಅಭಿನಯ ಗೀತೆ, ಛದ್ಮವೇಷ, ಕಥೆ ಹೇಳುವುದು ಇಂಥವಿವೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಚರ್ಚೆಯನ್ನು ನಾಲ್ಕನೇ ಐದನೇ ತರಗತಿಗೇ ಶುರು ಮಾಡಬೇಕು ಎನ್ನುವ ಉತ್ಸಾಹಿ ಶಿಕ್ಷಕರಿದ್ದಾರೆ. ಅವರ ಆಸೆಗೆ ನನ್ನ ಪೂರ್ಣ ಬೆಂಬಲವಿದೆ. ಆದರೆ ಹೈಸ್ಕೂಲಿನ ಈ ಸ್ಪರ್ಧೆಯನ್ನೇ ನಿಮಿಷ ಕಡಿಮೆ ಮಾಡಿ ಚಿಕ್ಕವರಿಗೆ ಇಳಿಸುವುದಾದರೆ ಅದನ್ನು ವಿರೋಧಿಸಬೇಕು. ಏಕೆಂದರೆ ಅಲ್ಲಿ ಚರ್ಚೆಯೇ ನಡೆಯುವುದಿಲ್ಲ.

ಕವಿರಾಜಮಾರ್ಗ ತಿರುಳ್ಗನ್ನಡದ ಸೀಮೆಯನ್ನು ಗುರುತಿಸುವಾಗ ಕೊಪಣವನ್ನು, ಅಂದರೆ ಇಂದಿನ ಕೊಪ್ಪಳವನ್ನು, ಹೆಸರಿಸಿದ್ದು, ಕೊಪಣದ ಜೈನ ಪರಂಪರೆ, ಅನುಭವ ಮಂಟಪ, ಇವೆಲ್ಲ ಇಲ್ಲಿ ಚರ್ಚೆಯ ಮಾತು ಬಂದಾಗ ತಾವಾಗಿಯೇ ಬರುತ್ತವೆ. ಓದುಗರು ಅವನ್ನು ಬಲ್ಲರು. ಅವುಗಳ ಹೆಮ್ಮೆಯಿಂದ ಯಲಬುರ್ಗಾದ ಐದನೇ ತರಗತಿಯ ಹುಡುಗಿಗೆ ಇವತ್ತು ಎದ್ದುನಿಂತು ಒಂದು ಕಾರಣ ಹೇಳುವ ಶಕ್ತಿ ಬರುವುದಿಲ್ಲವಾದ್ದರಿಂದ ಮುಂದೆ ಹೋಗುತ್ತೇನೆ.

ಚರ್ಚಾ ಸ್ಪರ್ಧೆಯನ್ನು ಅಳೆಯಲು ಅದರ ಒಂದೇ ಒಂದು ವಾಕ್ಯ ಸಾಕು. ಸ್ಪರ್ಧೆಯ ಮುಂದೆ ಕೂತವರೆಲ್ಲ ಕೇಳಿರುವ ವಾಕ್ಯ ಅದು. ಸರದಿ ಬಂದ ಮಗು ಅಧ್ಯಕ್ಷರಿಗೆ, ನಿಷ್ಪಕ್ಷಪಾತ ತೀರ್ಪುಗಾರರಿಗೆ, ಗುರುವೃಂದಕ್ಕೆ ವಂದಿಸಿ, ವಿಷಯದ ಪರವಾಗಿಯೋ ವಿರೋಧವಾಗಿಯೋ ಮಾತನಾಡಲು ಇಚ್ಛಿಸುತ್ತೇನೆ ಎಂದು ಸಾರಿ, ಒಂದು ಸುಭಾಷಿತ ಹೇಳಿ, ಆಮೇಲೆ ಧ್ವನಿ ಏರಿಸಿ ಹೇಳುತ್ತದೆ: ‘ನನ್ನ ಎದುರಾಳಿ ಮಿತ್ರರು ಈಗತಾನೇ ಹೇಳಿದರು...’ ಏನು ಹೇಳಿದರು? ಮೊಬೈಲಿನಿಂದ ಜ್ಞಾನ ಬೆಳೆಯುತ್ತದೆ ಎಂದರು. ಆದರೆ ಎದುರಾಳಿ ಮಿತ್ರರು ಹಾಗೆ ಹೇಳಿಯೇ ಇರುವುದಿಲ್ಲ. ಅವರು ಹೇಳಿದ್ದು ದೂರದ ಊರಿಗೆ ದುಡಿಯಲು ಹೋದ ಅಪ್ಪನ ಜೊತೆ ಮಾತಾಡಲು ಮೊಬೈಲ್ ಬೇಕು ಎಂದಿರಬಹುದು. ಇಲ್ಲವೇ ಆ ಮಗುವೇ ಸರದಿಯಲ್ಲಿ ಮೊದಲನೆಯದಾಗಿದ್ದು, ಅದಕ್ಕಿಂತ ಮೊದಲು ಯಾರೂ ಏನೂ ಹೇಳಿರುವುದಿಲ್ಲ. ಆದರೂ ವಾಕ್ಯ ಬರುತ್ತದೆ, ಅದೇ ಏರಿದ ಧ್ವನಿಯಲ್ಲಿ, ಅದೇ ಎತ್ತಿದ ಬೆರಳಿನೊಂದಿಗೆ. ಯಾಕೆಂದರೆ ಅದು ವಾರದ ಹಿಂದೆಯೇ ಬರೆದದ್ದು. ಬರೆದವರು ಮಾಸ್ತರು, ಇಲ್ಲವೇ ಮನೆಯ ಹಿರಿಯರು.

ಈ ವಾಕ್ಯದೊಳಗೆ ಏನೇನು ನಡೆದಿದೆ ಎಂದು ನಿಧಾನವಾಗಿ ನೋಡಬೇಕು. ಮೊದಲನೆಯದಾಗಿ, ಇಲ್ಲಿ ಎದುರಾಳಿಯನ್ನು ಕಲ್ಪಿಸಿಕೊಳ್ಳಲಾಗಿದೆ. ಕಲ್ಪಿಸುವುದರಲ್ಲಿ ದೋಷವಿಲ್ಲ, ಪೂರ್ವಪಕ್ಷವನ್ನು ಊಹಿಸದೆ ನಮ್ಮ ಯಾವ ಶಾಸ್ತ್ರಗ್ರಂಥವೂ ಮುಂದೆ ಹೋಗಿಲ್ಲ. ಆದರೆ ಶಾಸ್ತ್ರಕಾರ ಪೂರ್ವಪಕ್ಷವನ್ನು ಸಾಧ್ಯವಾದಷ್ಟು ಗಟ್ಟಿಯಾಗಿ ಕಟ್ಟುತ್ತಾನೆ. ಸಡಿಲವಾಗಿ ಕಟ್ಟಿ ಬೀಳಿಸಿದರೆ ಪಂಡಿತರು ಅವನನ್ನು ಒಪ್ಪುವುದಿಲ್ಲ. ಸ್ಪರ್ಧೆಯ ಬರಹದಲ್ಲಿ ಎದುರಾಳಿ ಬೀಳಲಿಕ್ಕೆಂದೇ ಹುಟ್ಟಿದವನು. ಎರಡನೆಯದಾಗಿ, ‘ಈಗತಾನೇ’ ಎಂಬ ಕಾಲಸೂಚನೆ ಸುಳ್ಳು. ಮಗುವಿನ ಬಾಯಲ್ಲಿ, ಕೇಳದ ಮಾತನ್ನು ಕೇಳಿದೆನೆಂದು ಹೇಳಿಸುತ್ತಿದ್ದೇವೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಈ ವಾಕ್ಯ ಬಾಯಲ್ಲಿ ಸಿದ್ಧವಾಗಿರುವುದರಿಂದ ಆ ಮಗು ತನ್ನ ಸರದಿ ಬರುವವರೆಗೂ ಏನನ್ನೂ ಕೇಳಿಸಿಕೊಳ್ಳುವುದಿಲ್ಲ. ಕುರ್ಚಿಯಲ್ಲಿ ಕೂತು ತುಟಿ ಅಲ್ಲಾಡಿಸುತ್ತ ತನ್ನದನ್ನೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಿರುತ್ತದೆ. ಎದುರಿನವನ ಮಾತು ಅದಕ್ಕೆ ವಿಘ್ನ. ಅದನ್ನು ಕಿವಿಗೆ ಹಾಕಿಕೊಂಡರೆ ಬಾಯಿಪಾಠ ತಪ್ಪುತ್ತದೆ.

ಅಂದರೆ ಕೇಳಿಸಿಕೊಂಡವರು ಸೋಲುವ, ಕೇಳಿಸಿಕೊಳ್ಳದವರು ಗೆಲ್ಲುವ ಒಂದು ಆಟವನ್ನು ನಾವು ಚರ್ಚೆ ಎಂದು ಕರೆಯುತ್ತಿದ್ದೇವೆ. ತೀರ್ಪಿನ ಹಾಳೆಯಲ್ಲಿ ಅಂಕಗಳು ಹಂಚಿಹೋಗುವುದು ವಿಷಯಕ್ಕೆ, ಭಾಷೆಗೆ, ಶೈಲಿಗೆ, ಹಾವಭಾವಕ್ಕೆ. ಎದುರಿನ ಮಾತನ್ನು ಸರಿಯಾಗಿ ಎತ್ತಿಕೊಂಡನೇ, ಅದಕ್ಕೆ ಉತ್ತರ ಕೊಟ್ಟನೇ ಎಂಬುದಕ್ಕೆ ಪ್ರತ್ಯೇಕ ಅಂಕವಿರುವ ಹಾಳೆ ನಾನು ನೋಡಿಲ್ಲ. ಇದು ಭಾಷಣ ಸ್ಪರ್ಧೆಯನ್ನೇ ಎರಡು ಸಾಲಾಗಿ ಕೂರಿಸಿದ್ದು. ಭಾಷಣ ಸ್ಪರ್ಧೆ ಎಂದೇ ಕರೆದರೆ ನನ್ನ ತಕರಾರಿಲ್ಲ. ಅದಕ್ಕೆ ಅದರದೇ ಬೆಲೆ ಇದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಗೆ ದಾರಿಯಾಗಬಾರದು. ಬಾಯಿಪಾಠವನ್ನು ಬೈಯುವುದು ನಮ್ಮ ಶಿಕ್ಷಣ ವಿಮರ್ಶಕರ ಹಳೆಯ ಚಾಳಿ. ನನ್ನ ಆಕ್ಷೇಪ ಬಾಯಿಪಾಠದ ಮೇಲಲ್ಲ. ಇದನ್ನು ವಿವರಿಸಲು ಇದೇ ಉತ್ತರ ಕರ್ನಾಟಕದ ಇನ್ನೊಂದು ವಾದದ ಪದ್ಧತಿಯ ಕಡೆ ತಿರುಗಬೇಕು. ಅದಕ್ಕೆ ಶಾಲೆಯಲ್ಲಿ ಹೆಸರೇ ಇಲ್ಲ.

ಹರದೇಶಿ–ನಾಗೇಶಿ ಹಾಡಿಕೆಯನ್ನು ವಿಜಯಪುರ, ಬಾಗಲಕೋಟೆ, ಬೆಳಗಾವಿಯ ಕಡೆಯವರು ಹೆಚ್ಚು ಬಲ್ಲರಾದರೂ ಅದರ ಸದ್ದು ಕುಷ್ಟಗಿ, ಯಲಬುರ್ಗಾದ ಜಾತ್ರೆಗಳಿಗೆ ಹೊಸದಲ್ಲ. ಗೀಗೀ ಮೇಳಗಳಲ್ಲೂ ಡೊಳ್ಳಿನ ಹಾಡಿಕೆಯಲ್ಲೂ ಅದು ಇದೆ. ಎರಡು ಮೇಳ ಎದುರುಬದುರು. ಒಂದು ಶಿವ ಹೆಚ್ಚು, ಪುರುಷ ಹೆಚ್ಚು ಎನ್ನುವ ಹರದೇಶಿ ಪಕ್ಷ. ಇನ್ನೊಂದು ಶಕ್ತಿ ಹೆಚ್ಚು, ಹೆಣ್ಣು ಹೆಚ್ಚು ಎನ್ನುವ ನಾಗೇಶಿ ಪಕ್ಷ. ತುರಾ–ಕಲ್ಗಿ ಎನ್ನುವುದೂ ಇದರ ಬಳಗವೇ. ಸ್ತುತಿಯಿಂದ ಶುರುವಾಗಿ ಬೆಳಗಿನ ಮಂಗಳಾರತಿಯವರೆಗೆ ಸವಾಲು–ಜವಾಬು ನಡೆಯುತ್ತದೆ. ಒಂದು ಮೇಳ ಪುರಾಣದ ಒಂದು ಎಳೆ ಹಿಡಿದು ಸವಾಲು ಎಸೆದರೆ ಇನ್ನೊಂದು ಮೇಳ ಅದಕ್ಕೆ ಜವಾಬು ಕೊಟ್ಟೇ ತನ್ನ ಸವಾಲಿಗೆ ಹೋಗಬೇಕು. ಜವಾಬು ತಪ್ಪಿಸಿಕೊಂಡರೆ ಕೂತ ಮಂದಿಗೆ ಕೂಡಲೇ ಗೊತ್ತಾಗುತ್ತದೆ. ಅಲ್ಲಿ ಗಂಟೆ ಬಾರಿಸುವವರಿಲ್ಲ, ಅಂಕದ ಹಾಳೆಯಿಲ್ಲ.

ಈ ಹಾಡುಗಾರರಲ್ಲಿ ಬಾಯಿಪಾಠ ಎಷ್ಟಿರುತ್ತದೆಂದರೆ ನಮ್ಮ ಸ್ಪರ್ಧೆಯ ಮಗುವಿನ ಒಂದೂವರೆ ಪುಟ ಅದರ ಮುಂದೆ ಏನೇನೂ ಅಲ್ಲ. ಗುರುವಿನಿಂದ ಬಂದ ನೂರಾರು ಪದಗಳು, ಕಥೆಗಳು, ಒಗಟುಗಳು ಕಂಠದಲ್ಲಿರುತ್ತವೆ. ಆದರೆ ಅವುಗಳಲ್ಲಿ ಯಾವುದನ್ನು ಈಗ ತೆಗೆಯಬೇಕು ಎಂಬುದನ್ನು ತೀರ್ಮಾನಿಸುವುದು ಎದುರಿನ ಮೇಳ ಈಗ ಹಾಡಿದ ಪದ. ನೆನಪು ಅಲ್ಲಿ ಕಿವಿಯ ಆಜ್ಞೆಗೆ ಕಾಯುತ್ತದೆ. ನಮ್ಮ ಚರ್ಚಾ ಸ್ಪರ್ಧೆಯಲ್ಲಿ ನೆನಪು ಕಿವಿಯನ್ನು ಮುಚ್ಚಿಸುತ್ತದೆ. ಎರಡೂ ಬಾಯಿಪಾಠವೇ ಆದರೂ ಒಂದರಲ್ಲಿ ವಾದವಿದೆ, ಇನ್ನೊಂದರಲ್ಲಿ ಇಲ್ಲ. ನಾನು ಈ ಪ್ರಬಂಧದಲ್ಲಿ ಒತ್ತಿ ಹೇಳಬೇಕಾದದ್ದು ಇದೊಂದೇ. ಉಳಿದದ್ದೆಲ್ಲ ಇದರಿಂದ ಹೊರಡುತ್ತದೆ.

ಹಾಡಿಕೆಯ ದೋಷಗಳನ್ನು ನಾನು ಮರೆತಿಲ್ಲ. ವಿಷಯ ಯಾವತ್ತೂ ಅದೇ. ಹೆಣ್ಣನ್ನು ಹೀಯಾಳಿಸುವ ಪದಗಳು ಹರದೇಶಿಯಲ್ಲಿ ಧಾರಾಳವಾಗಿವೆ, ಜನ ಕೂಡಿದಂತೆ ಮಾತು ಕೀಳಿಗೆ ಇಳಿಯುವುದೂ ಇದೆ. ಅದನ್ನು ಹಾಗೇ ತಂದು ಮಕ್ಕಳ ಮುಂದಿಡಿ ಎಂದು ನಾನು ಹೇಳುತ್ತಿಲ್ಲ. ಆದರೆ ನಮ್ಮ ಜಾನಪದ ವಿದ್ವಾಂಸರ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು ಈ ಹಾಡಿಕೆಯಲ್ಲಿ ಶಿವಶಕ್ತಿ ತತ್ವ ಹುಡುಕಿದ್ದಾರೆ, ಛಂದಸ್ಸು ಹುಡುಕಿದ್ದಾರೆ, ತುಂತುಣಿ, ದಪ್ಪು ವಾದ್ಯಗಳ ವರ್ಣನೆ ಬರೆದಿದ್ದಾರೆ, ಸ್ವಾತಂತ್ರ್ಯ ಚಳವಳಿಯಲ್ಲಿ ಹುಲಕುಂದ ಭೀಮಕವಿಯಂಥವರು ಗೀಗೀ ಪದವನ್ನು ಬಳಸಿದ ರೀತಿಯನ್ನು ದಾಖಲಿಸಿದ್ದಾರೆ. ಅದೆಲ್ಲ ಉಪಕಾರವೇ. ಆದರೆ ಇದು ಒಂದು ವಾದಪದ್ಧತಿ, ಇದಕ್ಕೆ ನಿಯಮಗಳಿವೆ, ಆ ನಿಯಮಗಳನ್ನು ಪದದಿಂದ ಬಿಡಿಸಿ ಬೇರೆಡೆ ಬಳಸಬಹುದು ಎಂಬ ಯೋಚನೆ ಅವರ ಪುಸ್ತಕಗಳಲ್ಲಿ ನನಗೆ ಸಿಕ್ಕಿಲ್ಲ. ಶಿಕ್ಷಣತಜ್ಞರು ಇತ್ತ ನೋಡಲಿಲ್ಲ, ಜಾನಪದದವರು ಅತ್ತ ನೋಡಲಿಲ್ಲ. ಹೀಗಾಗಿ ಚರ್ಚೆಯೆಂದರೆ ಇಂಗ್ಲಿಷ್ ಶಾಲೆಯಿಂದ ಬಂದ ವಸ್ತು, ಹಳ್ಳಿಯ ಮಗುವಿಗೆ ಅದನ್ನು ಹೊಸದಾಗಿ ಕಲಿಸಬೇಕು ಎಂಬ ಭಾವನೆ ಗಟ್ಟಿಯಾಯಿತು.

ಹಳ್ಳಿಯ ಮಗುವಿಗೆ ವಾದ ಬಾರದು ಎನ್ನುವವರಿಗೆ ಗಂಗಾವತಿಯನ್ನು ನೆನಪಿಸಬೇಕು. 2021ರ ಡಿಸೆಂಬರ್‌ನಲ್ಲಿ ಸರ್ಕಾರ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮತ್ತು ವಿಜಯಪುರದಲ್ಲಿ 1ರಿಂದ 8ನೇ ತರಗತಿಯ ಮಕ್ಕಳಿಗೆ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಈ ಭಾಗದ ಮಕ್ಕಳ ಅಪೌಷ್ಟಿಕತೆ ಅದಕ್ಕೆ ಕಾರಣ. ಕೆಲವು ಮಠಾಧೀಶರು ವಿರೋಧಿಸಿದರು. ಆಗ ಗಂಗಾವತಿಯ ಒಬ್ಬ ವಿದ್ಯಾರ್ಥಿನಿ ಮಾತಾಡಿದ ವಿಡಿಯೊ ನಾಡಿನಾದ್ಯಂತ ಓಡಾಡಿತು. ಅವಳ ಮಾತಿನ ತಿರುಳು ಇಷ್ಟು: ನಮಗೆ ಮೊಟ್ಟೆ ಬೇಕು, ಬೇಡ ಅನ್ನಲು ನೀವು ಯಾರು, ಇಲ್ಲಿ ಕೊಡದಂತೆ ಮಾಡಿದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ.

ಜನ ಇದನ್ನು ಧೈರ್ಯ ಎಂದು ಹೊಗಳಿದರು, ಉದ್ಧಟತನ ಎಂದು ಬೈದರು. ನನಗೆ ಇಲ್ಲಿ ಕಾಣುವುದು ವಾದದ ಕಟ್ಟಡ. ಮೊದಲ ಮಾತು ಹಕ್ಕೊತ್ತಾಯ. ಎರಡನೆಯದು ಎದುರಾಳಿಯ ಅಧಿಕಾರವನ್ನೇ ಪ್ರಶ್ನಿಸುತ್ತದೆ: ತಿನ್ನುವವರು ನಾವು, ಬೇಡ ಎನ್ನುವವರು ತಿನ್ನದವರು, ಹಾಗಿದ್ದರೆ ತೀರ್ಮಾನ ಯಾರದು? ಮೂರನೆಯದು ನಿಜವಾದ ಜವಾಬು. ಶಾಲೆ ಎಂಬ ಜಾಗಕ್ಕೆ ಮೊಟ್ಟೆ ಬರಬಾರದು ಎಂಬುದು ಎದುರಿನವರ ನೆಲೆ. ಅವಳು ಆ ನೆಲೆಯೊಳಗೇ ಕಾಲಿಟ್ಟು, ಜಾಗದ ಮಡಿಯೇ ನಿಮ್ಮ ಚಿಂತೆಯಾದರೆ ನಿಮ್ಮ ಮಾತಿನ ಫಲವಾಗಿ ಮೊಟ್ಟೆ ನಿಮ್ಮದೇ ಜಾಗಕ್ಕೆ ಬರುತ್ತದೆ ಎಂದಳು. ಎದುರಾಳಿಯ ಪ್ರಮೇಯವನ್ನು ಎತ್ತಿಕೊಂಡು ಅದನ್ನೇ ಅವನಿಗೆ ತಿರುಗಿಸುವುದು ಸವಾಲು–ಜವಾಬಿನ ಮೇಳಗಳು ರಾತ್ರಿಯಿಡೀ ಮಾಡುವ ಕೆಲಸ. ಯಾರೋ ಹೇಳಿಕೊಟ್ಟಿರಬೇಕು ಎನ್ನುವವರಿಗೆ ನನ್ನ ಉತ್ತರ ಮೇಲೆಯೇ ಇದೆ. ಹೇಳಿಕೊಟ್ಟದ್ದಾದರೂ ಸರಿ, ಅದು ಎದುರಿನವರು ನಿಜವಾಗಿ ಹೇಳಿದ್ದಕ್ಕೆ ತಾಗಿ ಬಂದ ಮಾತು. ಅದರಲ್ಲಿ ಕೊರತೆಯೂ ಇದೆ: ಪಂಕ್ತಿಯಲ್ಲಿ ಮೊಟ್ಟೆ ತಿನ್ನದ ಮಗುವಿನ ಮುಜುಗರದ ಪ್ರಶ್ನೆಯನ್ನು ಅವಳು ಮುಟ್ಟಲಿಲ್ಲ. ಅದನ್ನು ಅವಳ ಮುಂದೆ ಸವಾಲಾಗಿ ಇಟ್ಟಿದ್ದರೆ ಏನನ್ನುತ್ತಿದ್ದಳೋ. ಇಡಲಿಲ್ಲ. ಹೊಗಳಿದವರೂ ಬೈದವರೂ ಅವಳ ಬಗ್ಗೆ ಮಾತಾಡಿದರು, ಅವಳೊಡನೆ ಮಾತಾಡಿದವರು ವಿರಳ. ಮುಂದೆ ಮೊಟ್ಟೆ ರಾಜ್ಯಕ್ಕೆಲ್ಲ ಬಂತು, 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನವಾಯಿತು. ಅದು ಆಡಳಿತದ ತೀರ್ಮಾನ. ಅವಳ ಮಾತಿಗೆ ಬಂದ ಜವಾಬಲ್ಲ.

ಇನ್ನು ನನ್ನ ಮುಖ್ಯ ಜಗಳ. ಚರ್ಚಾ ಸ್ಪರ್ಧೆಯನ್ನು ನನಗಿಂತ ಮೊದಲೇ ಟೀಕಿಸಿದವರಿದ್ದಾರೆ. ಮಕ್ಕಳ ಶಿಕ್ಷಣದ ಬಗ್ಗೆ ಕಳಕಳಿಯುಳ್ಳ, ನಾನು ಗೌರವಿಸುವ ಜನ. ಅವರ ವಾದ ಹೀಗಿದೆ: ಚರ್ಚೆ ಎಂಬುದೇ ಹಿಂಸೆ. ಮಕ್ಕಳನ್ನು ಎರಡು ಬಣ ಮಾಡಿ ಕಾದಾಡಿಸುವುದು ತಪ್ಪು. ನಂಬದ್ದನ್ನು ಸಮರ್ಥಿಸಲು ಕಲಿಸುವುದು ವಕೀಲಿಕೆಯ ಸುಳ್ಳನ್ನು ಕಲಿಸಿದಂತೆ. ಪ್ರಾಥಮಿಕ ಶಾಲೆಗೆ ಬೇಕಾದದ್ದು ಸಂವಾದ. ವೃತ್ತಾಕಾರವಾಗಿ ಕೂತು, ಪರ ವಿರೋಧ ಇಲ್ಲದೆ, ಅನಿಸಿದ್ದನ್ನು ಅನಿಸಿದ ಹಾಗೆ ಹಂಚಿಕೊಳ್ಳುವುದು. ಇದಕ್ಕೆ ಅವರು ಬ್ರಿಟನ್ನಿನ ಶಿಕ್ಷಣ ಸಂಶೋಧಕ ನೀಲ್ ಮರ್ಸರ್ ಅವರನ್ನು ಸಾಕ್ಷಿ ಕರೆಯುವುದುಂಟು. ಮರ್ಸರ್ ತರಗತಿಯ ಮಾತನ್ನು ಮೂರು ಬಗೆಯಾಗಿ ನೋಡಿದರು: ತಮ್ಮದನ್ನೇ ಸಾಧಿಸುವ ಜಗಳದ ಮಾತು, ಒಬ್ಬರದಕ್ಕೆ ಒಬ್ಬರು ಹೂಂಗುಟ್ಟುವ ಮಾತು, ಕಾರಣ ಕೊಟ್ಟು ಕಾರಣ ಕೇಳುತ್ತ ಒಟ್ಟಿಗೆ ಹುಡುಕುವ ಮಾತು. ಮೂರನೆಯದೇ ಶ್ರೇಷ್ಠ, ಚರ್ಚೆ ಮೊದಲನೆಯದು, ಆದ್ದರಿಂದ ಚರ್ಚೆ ಬೇಡ ಎಂದು ಇವರ ತೀರ್ಮಾನ.

ಮರ್ಸರ್ ಅವರನ್ನು ಇವರು ಅರ್ಧ ಓದಿದ್ದಾರೆ. ಮೊದಲನೆಯ ಬಗೆಯಲ್ಲಿ ದೋಷವೆಂದು ಅವರು ಗುರುತಿಸಿದ್ದು ಭಿನ್ನಾಭಿಪ್ರಾಯವನ್ನಲ್ಲ. ಭಿನ್ನಾಭಿಪ್ರಾಯಕ್ಕೆ ಕಾರಣ ಕೊಡದಿರುವುದನ್ನು, ಎದುರಿನ ಮಾತನ್ನು ಎತ್ತಿಕೊಳ್ಳದಿರುವುದನ್ನು. ಮೂರನೆಯ ಬಗೆಯಲ್ಲಿ ಪ್ರಶ್ನಿಸುವುದು, ಆಕ್ಷೇಪಿಸುವುದು ಧಾರಾಳವಾಗಿದೆ. ಅಷ್ಟೇ ಅಲ್ಲ, ಅವರ ತರಗತಿಗಳಲ್ಲಿ ಮಾತು ಶುರುವಾಗುವ ಮೊದಲು ಮಕ್ಕಳೆಲ್ಲ ಕೂಡಿ ಮಾತಿನ ನಿಯಮಗಳನ್ನು ಒಪ್ಪಿಕೊಳ್ಳಬೇಕಿತ್ತು. ಅಂದರೆ ಅಲ್ಲೂ ಕಟ್ಟುಪಾಡು ಮೊದಲು. ಇತ್ತ ಅಮೆರಿಕದ ಮನೋವಿಜ್ಞಾನಿ ಡಿಯಾನಾ ಕೂನ್ ಅವರ ಅಧ್ಯಯನಗಳು ತೋರಿಸಿದ್ದೂ ಇದಕ್ಕೆ ಹೊಂದುತ್ತದೆ: ವಾದಕ್ಕೆ ಹೊಸಬರಾದ ಮಕ್ಕಳು ತಮ್ಮ ಪಕ್ಷವನ್ನು ವಿಸ್ತರಿಸುತ್ತ ಹೋಗುತ್ತಾರೆ, ಎದುರಿನ ಪಕ್ಷದ ಮಾತಿಗೆ ಗಮನ ಕೊಡುವುದಿಲ್ಲ, ಜೋಡಿಯಾಗಿ ಎದುರುಬದುರು ದೀರ್ಘಕಾಲ ವಾದಿಸಿದ ಮೇಲೆ ಆ ಗಮನ ಬೆಳೆಯುತ್ತದೆ. ಎದುರು ಪಕ್ಷವೇ ಇಲ್ಲದ ವೃತ್ತದಲ್ಲಿ ಅದು ಎಲ್ಲಿಂದ ಬೆಳೆಯಬೇಕು?

ಆದರೆ ನನ್ನ ದೊಡ್ಡ ಆಕ್ಷೇಪ ಓದಿನಿಂದ ಬಂದದ್ದಲ್ಲ, ಈ ನೆಲದಿಂದ ಬಂದದ್ದು. ‘ಅನಿಸಿದ್ದನ್ನು ಹಂಚಿಕೊಳ್ಳಿ’ ಎಂದು ವೃತ್ತದಲ್ಲಿ ಕೂರಿಸಿದರೆ ಮೊದಲು ಮಾತಾಡುವ ಮಗು ಯಾವುದು? ಗೌಡರ ಮನೆಯದು, ಅಂಗಡಿಯವರ ಮನೆಯದು, ಮನೆಯಲ್ಲಿ ಕನ್ನಡವಿರುವ ಮಗು. ಗಂಗಾವತಿ ಕಡೆ ವಲಸೆ ಬಂದು ನೆಲೆಸಿದವರ ಕ್ಯಾಂಪುಗಳ ಮನೆಗಳಲ್ಲಿ ತೆಲುಗು ಇದೆ, ತಾಂಡಾದ ಮಗುವಿಗೆ ಲಂಬಾಣಿ, ಇನ್ನೊಂದು ಮನೆಯಲ್ಲಿ ಉರ್ದು. ಕೇರಿಯಿಂದ ಬಂದ ಮಗುವಿಗೆ ಮನೆಯಲ್ಲೂ ಕನ್ನಡವೇ, ಆದರೆ ಬಾಯಿ ತೆರೆಯುವ ಮೊದಲು ಅದು ಎದುರಿನವರ ಮುಖ ನೋಡುತ್ತದೆ. ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ 2021ರಲ್ಲಿ ಒಂದು ದಲಿತ ಕೂಸು ಹನುಮಂತನ ಗುಡಿಯೊಳಗೆ ಹೋಯಿತೆಂದು ಅದರ ತಂದೆ–ತಾಯಿಯಿಂದ ದಂಡ ಕೇಳಿದರು. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲು ಸುಟ್ಟರು; ಕ್ಷೌರದಂಗಡಿಗೆ, ಹೋಟೆಲಿಗೆ ಪ್ರವೇಶವಿಲ್ಲ ಎನ್ನುವ ತಂಟೆ ಅದರ ಹಿಂದಿತ್ತು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಇಂಥ ಊರುಗಳ ಶಾಲೆಯಲ್ಲಿ ನಿಯಮವಿಲ್ಲದ ಸಂವಾದ ಎಂದರೆ ಊರಿನ ನಿಯಮವೇ ಒಳಗೆ ಬಂದು ಕೂರುತ್ತದೆ. ಯಾರು ಮಾತಾಡಬೇಕು, ಯಾರು ತಲೆ ತಗ್ಗಿಸಬೇಕು ಎಂಬುದು ಮಕ್ಕಳಿಗೆ ಆಗಲೇ ಗೊತ್ತಿರುತ್ತದೆ.

ಚರ್ಚೆಯ ಕಟ್ಟುಪಾಡು ಬೆಲೆಯುಳ್ಳದ್ದಾಗುವುದು ಇಲ್ಲಿ. ಇಬ್ಬರಿಗೂ ಅಷ್ಟೇ ನಿಮಿಷ. ಕೇರಿಯ ಹುಡುಗಿಯ ಸರದಿ ಬಂದಾಗ ಉಳಿದವರೆಲ್ಲ ಸುಮ್ಮನಿರಲೇಬೇಕು. ಅವಳ ಮಾತಿಗೆ ಗೌಡರ ಮಗ ಜವಾಬು ಕೊಡಲೇಬೇಕು, ಕೊಡದೆ ಮುಂದೆ ಹೋಗುವಂತಿಲ್ಲ. ಈ ಮೂರು ಸಂಗತಿಗಳು ಊರಿನಲ್ಲಿ ಬೇರೆಲ್ಲೂ ಆ ಹುಡುಗಿಗೆ ಸಿಗುವುದಿಲ್ಲ. ಪಕ್ಷವನ್ನು ಚೀಟಿ ಎತ್ತಿ ಕೊಡುವುದರಲ್ಲೂ ಒಂದು ರಕ್ಷಣೆ ಇದೆ. ‘ಇದು ನನ್ನ ಮಾತಲ್ಲ, ನನಗೆ ಬಂದ ಪಕ್ಷ’ ಎಂಬ ಮರೆಯಲ್ಲಿ ನಿಂತು ಅವಳು ಹಿರಿಯರ ಮನೆಯ ಮಗನಿಗೆ ಎದುರಾಡಬಹುದು. ಮನೆಗೆ ಹೋಗುವ ದಾರಿಯಲ್ಲಿ ಅದಕ್ಕಾಗಿ ಬೈಸಿಕೊಳ್ಳಬೇಕಿಲ್ಲ. ನಂಬದ್ದನ್ನು ಸಮರ್ಥಿಸುವುದು ಸುಳ್ಳಲ್ಲವೇ ಎನ್ನುವವರು ಹರದೇಶಿ ಹಾಡುವವರನ್ನು ಕೇಳಲಿ. ಹಾಡುವಷ್ಟು ಹೊತ್ತು ಆ ಪಕ್ಷವನ್ನು ಪೂರ್ತಿ ಮನಸ್ಸಿನಿಂದ ಹೊರುತ್ತಾರೆ, ಬೆಳಗ್ಗೆ ಎರಡೂ ಮೇಳಗಳು ಒಂದೇ ಮಂಗಳಾರತಿ ಹಾಡುತ್ತವೆ. ಮಕ್ಕಳಂತೂ ಅದೇ ವಾರದಲ್ಲಿ ಪಕ್ಷ ಬದಲಿಸಿ ಇನ್ನೊಂದು ಕಡೆಯಿಂದಲೂ ವಾದಿಸಬೇಕು. ಆಗ ಸುಳ್ಳಿನ ಪ್ರಶ್ನೆ ಬರುವುದಿಲ್ಲ.

ಸಂವಾದವಾದಿಗಳ ಒಂದು ಮಾತನ್ನು ಒಪ್ಪುತ್ತೇನೆ: ಗೆಲುವು ಸೋಲು, ಬಹುಮಾನದ ಕಪ್ಪು, ಕ್ಲಸ್ಟರಿನಿಂದ ತಾಲೂಕಿಗೆ, ತಾಲೂಕಿನಿಂದ ಜಿಲ್ಲೆಗೆ ಏರುವ ಮೆಟ್ಟಿಲು ಈ ವಯಸ್ಸಿಗೆ ಬೇಡ. ಮೆಟ್ಟಿಲಿದ್ದರೆ ಮಾಸ್ತರು ಮತ್ತೆ ಬರೆದುಕೊಡುತ್ತಾರೆ. ಶಾಲೆಯ ಹೆಸರಿನ ಪ್ರಶ್ನೆಯಾದಾಗ ಅವರನ್ನೂ ದೂರುವಂತಿಲ್ಲ.

ಹಾಗಾದರೆ ಐದನೇ ತರಗತಿಯಲ್ಲಿ ಏನು ನಡೆಯಬೇಕು? ಈ ಕಡೆ ಇಬ್ಬರು, ಆ ಕಡೆ ಇಬ್ಬರು. ಬರೆದ ಕಾಗದ ಇಲ್ಲ. ಮೊದಲ ಮಗು ಒಂದು ನಿಮಿಷದಲ್ಲಿ ಒಂದೇ ಮಾತು, ಅದಕ್ಕೊಂದು ಕಾರಣ ಹೇಳಬೇಕು. ಎದುರಿನ ಮಗು ತನ್ನದನ್ನು ಹೇಳುವ ಮೊದಲು ಕೇಳಿದ್ದನ್ನು ತಿರುಗಿ ಹೇಳಬೇಕು: ‘ನೀ ಹಿಂಗ ಅಂದಿ, ಹೌದಿಲ್ಲೋ?’ ಮೊದಲ ಮಗು ‘ಹೌದು, ಅದನ್ನ ಅಂದೆ’ ಎಂದರೆ ಮಾತ್ರ ಜವಾಬಿಗೆ ಅಪ್ಪಣೆ. ‘ಇಲ್ಲ, ನಾ ಹಂಗ ಅಂದಿಲ್ಲ’ ಎಂದರೆ ಮತ್ತೆ ಕೇಳಬೇಕು. ನಾನು ಮೇಲೆ ಹಿಡಿದು ನೋಡಿದ ‘ಎದುರಾಳಿ ಮಿತ್ರರು ಈಗತಾನೇ ಹೇಳಿದರು’ ಎಂಬ ವಾಕ್ಯ ಇಲ್ಲಿ ನಿಜವಾಗುತ್ತದೆ, ಯಾಕೆಂದರೆ ಅದಕ್ಕೆ ಎದುರಾಳಿಯೇ ರುಜು ಹಾಕುತ್ತಾನೆ. ಕೂತ ಮಕ್ಕಳು ಕೈ ಎತ್ತಿ ಹೇಳಬೇಕಾದದ್ದು ಯಾರು ಗೆದ್ದರು ಎಂದಲ್ಲ, ಯಾವ ಸವಾಲಿಗೆ ಜವಾಬು ಬಂತು, ಯಾವುದಕ್ಕೆ ಬರಲಿಲ್ಲ ಎಂದು. ಜವಾಬು ಬಾರದೆ ಉಳಿದ ಸವಾಲನ್ನು ಕರಿಹಲಗೆಯ ಮೂಲೆಯಲ್ಲಿ ಬರೆದಿಟ್ಟರೆ ಮುಂದಿನ ವಾರದ ವಿಷಯ ಅದೇ.

ಭಾಷೆಯ ವಿಷಯದಲ್ಲಿ ನಾನು ರಾಜಿಗೆ ಸಿದ್ಧನಿಲ್ಲ. ಕೊಪ್ಪಳದ ಮಗು ಅಂಗಳದಲ್ಲಿ ಗೋಲಿ ಜಗಳ ಆಡುವಾಗ ‘ಯಾಕಂದ್ರ’, ‘ಹಂಗಾದ್ರ’, ‘ಅಂದಮ್ಯಾಲೆ’ ಎಂದು ಕಾರಣಕ್ಕೆ ಕಾರಣ ಪೋಣಿಸುತ್ತದೆ. ಅದೇ ಮಗು ವೇದಿಕೆ ಹತ್ತಿದಾಗ ಬರೆದುಕೊಟ್ಟ ಗ್ರಂಥದ ಕನ್ನಡದಲ್ಲಿ ಈ ಕೊಂಡಿಗಳೆಲ್ಲ ಮಾಯವಾಗಿ, ಉದ್ಗಾರಗಳು ಒಂದರ ಪಕ್ಕ ಒಂದು ನಿಂತಿರುತ್ತವೆ. ಅಲ್ಲಿ ತರ್ಕಕ್ಕೆ ಬೇಕಾದ ಸಲಕರಣೆಯನ್ನೇ ಕಿತ್ತುಕೊಂಡು ತರ್ಕ ಮಾಡು ಎನ್ನುತ್ತಿದ್ದೇವೆ. ತಮ್ಮ ಮಾತಿನಲ್ಲಿ ವಾದಿಸಲಿ, ಆಮೇಲೆ ಅದನ್ನೇ ಪಠ್ಯದ ಕನ್ನಡದಲ್ಲಿ ಬರೆಯಲಿ. ಬರವಣಿಗೆಯ ಪಾಠವೂ ಅದರಲ್ಲಾಗುತ್ತದೆ.

ವಿಷಯವೂ ಬದಲಾಗಬೇಕು. ವಿಜ್ಞಾನ ವರವೋ ಶಾಪವೋ, ಖಡ್ಗ ದೊಡ್ಡದೋ ಲೇಖನಿ ದೊಡ್ಡದೋ ಎಂಬವುಗಳ ಬಗ್ಗೆ ಹತ್ತು ವರ್ಷದ ಮಗುವಿಗೆ ಸ್ವಂತದ್ದೆಂಬ ತಿಳಿವಳಿಕೆ ಇರುವುದಿಲ್ಲ. ಅದಕ್ಕೇ ಯಾರಾದರೂ ಬರೆದುಕೊಡಬೇಕಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಉಣ್ಣುವ ಗಂಗಾವತಿಯ ಮಗುವಿಗೆ ಎರಡನೇ ಬೆಳೆಯ ನೀರಿನ ಜಗಳ ಗೊತ್ತು. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಮನೆಯವರು ಆಡಿದ ಮಾತು ಅದರ ಕಿವಿಗೆ ಬಿದ್ದಿದೆ. ಕುಷ್ಟಗಿ, ಯಲಬುರ್ಗಾದ ಒಣಭೂಮಿಯ ಮಗುವಿಗೆ ಅಪ್ಪ–ಅವ್ವ ದುಡಿಯಲು ಬೇರೆ ಊರಿಗೆ ಹೋದಾಗ ತಾನೂ ಹೋಗಬೇಕೋ, ಅಜ್ಜಿಯ ಜೊತೆ ಉಳಿದು ಶಾಲೆಗೆ ಬರಬೇಕೋ ಎಂಬುದು ಗೊತ್ತು. ಕೊಪ್ಪಳದ ಪಕ್ಕದ ಹಳ್ಳಿಯ ಮಗುವಿಗೆ ಕಾರ್ಖಾನೆಯ ಬೂದಿಯೂ ಗೊತ್ತು, ಅಲ್ಲಿ ಕೆಲಸ ಮಾಡುವ ಅಣ್ಣನ ಸಂಬಳವೂ ಗೊತ್ತು. ಇವುಗಳಲ್ಲಿ ಎರಡೂ ಪಕ್ಷಕ್ಕೆ ನಿಜವಾದ ಕಾರಣಗಳಿವೆ, ಮಕ್ಕಳ ಬಳಿ ಸಾಕ್ಷ್ಯವಿದೆ. ಇಂಥ ವಿಷಯ ಚಿಕ್ಕವರಿಗೆ ಭಾರ ಎನ್ನುವವರು, ಆ ಭಾರವನ್ನು ಅವರು ಆಗಲೇ ಹೊತ್ತಿದ್ದಾರೆ ಎಂಬುದನ್ನು ಗಮನಿಸಬೇಕು.

ದೊಡ್ಡವರ ಭಯ ಒಂದಿದೆ, ಅದನ್ನೂ ಮುಚ್ಚಿಡಬಾರದು. ಹೀಗೆ ಕಲಿತ ಮಗು ಮನೆಯಲ್ಲಿ ಎದುರು ಮಾತಾಡುತ್ತದೆ. ನಿಜ, ಆಡುತ್ತದೆ. ಮಕ್ಕಳ ಗ್ರಾಮಸಭೆಯಲ್ಲಿ ಚೀಟಿ ನೋಡಿ ಪ್ರಶ್ನೆ ಓದಿ ಕೂರುವ ಮಗು, ‘ನೋಡೋಣ’ ಎಂಬ ಉತ್ತರ ಬಂದಾಗ ಮತ್ತೆ ಎದ್ದು ‘ನಾ ಕೇಳಿದ್ದು ಅದಲ್ಲ’ ಎನ್ನುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಮಗುವನ್ನು ಭಯದಿಂದ ಬಿಡಿಸಿ ತನ್ನ ಅಭಿಪ್ರಾಯವನ್ನು ಮುಕ್ತವಾಗಿ ಹೇಳುವಂತೆ ಮಾಡಬೇಕು ಎನ್ನುತ್ತದೆ. ಕಾಯ್ದೆಯ ಮಾತು ಅಷ್ಟಕ್ಕೇ ನಿಲ್ಲುತ್ತದೆ. ಹೇಳಿದ್ದನ್ನು ಕೇಳಿಸಿಕೊಂಡು ಉತ್ತರ ಕೊಡುವ ಹೊಣೆ ಯಾರದೆಂದು ಅದು ಹೇಳುವುದಿಲ್ಲ.

ಮೊದಲ ಹೆಜ್ಜೆ ಶಿಕ್ಷಕರಿಂದಲೇ ಆಗಬೇಕು, ಯಾಕೆಂದರೆ ಅವರೂ ಇದೇ ಸ್ಪರ್ಧೆಗಳಲ್ಲಿ ಬಹುಮಾನ ಪಡೆದು ಬಂದವರು. ಮುನಿರಾಬಾದಿನ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ ಡಯಟ್‌ನಲ್ಲಿ ತರಬೇತಿ ಇಟ್ಟುಕೊಳ್ಳುವಾಗ ಭಾಷಣಕಲೆಯ ಉಪನ್ಯಾಸಕರ ಜೊತೆ ಒಂದು ಹರದೇಶಿ, ಒಂದು ನಾಗೇಶಿ ಮೇಳವನ್ನೂ ಕರೆಸಲಿ, ಸಂಭಾವನೆ ಕೊಟ್ಟು, ಒಂದು ಪೂರ್ತಿ ದಿನಕ್ಕೆ. ಹಾಡು ಕೇಳಿ ಚಪ್ಪಾಳೆ ತಟ್ಟಿ ಕಳಿಸುವುದಕ್ಕಲ್ಲ. ಎದುರಿನ ಮೇಳ ಹಾಡುತ್ತಿರುವಾಗ ನಿಮ್ಮ ಮನಸ್ಸಿನಲ್ಲಿ ಏನು ನಡೆದಿರುತ್ತದೆ, ಯಾವ ಪದ ಕೇಳಿದಾಗ ಯಾವ ಪದ ನೆನಪಾಗುತ್ತದೆ, ಜವಾಬು ಹೊಳೆಯದಿದ್ದರೆ ಏನು ಮಾಡುತ್ತೀರಿ ಎಂದು ಶಿಕ್ಷಕರು ಅವರನ್ನು ಕೂಡಿಸಿಕೊಂಡು ಕೇಳಬೇಕು, ಹೇಳಿದ್ದನ್ನು ಬರೆದುಕೊಳ್ಳಬೇಕು. ಆಮೇಲೆ ತಾವೇ ಇಬ್ಬಿಬ್ಬರಾಗಿ ಎದುರುಬದುರು ನಿಂತು, ಕಾಗದವಿಲ್ಲದೆ, ಎರಡನೇ ಬೆಳೆಗೆ ನೀರು ಬಿಡಬೇಕೋ ಬೇಡವೋ ಎಂದು ವಾದಿಸಿ ನೋಡಬೇಕು.